ಎಣಿಕೆಗೆ ಬಾರದವರು

(ಧ್ಯಾನಕ್ಕಾಗಿ ಓದತಕ್ಕ ಭಾಗ: ಲೂಕನ ಸುವಾರ್ತೆ, ೧೭ನೇ ಅಧ್ಯಾಯ, ೧೧ರಿಂದ ೧೯ನೇ ವಚನಗಳು)



ನಮ್ಮ ಕರ್ತನಾದ ಯೇಸುವು ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಸಮಾರ್ಯ ಗಲಿಲಾಯಗಳ ನಡುವೆ ಹಾದುಹೋಗುತ್ತಾ ಒಂದು ಹಳ್ಳಿಯನ್ನು ಹೊಗುವಾಗ ಹತ್ತು ಮಂದಿ ಕುಷ್ಠರೋಗಿಗಳು ಆತನಿಗೆ ಎದುರಾದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಲೂಕನು ಆ ಹಳ್ಳಿಯ ಹೆಸರನ್ನು ಬರೆಯಲಿಲ್ಲ. ಆ ಮನುಷ್ಯರ ಹೆಸರುಗಳನ್ನೂ ಬರೆಯಲಿಲ್ಲ. ಅವರು ಎಷ್ಟು ಮಂದಿ ಎಂಬದನ್ನು ಮಾತ್ರ ಬರೆದನು. ಅವರು ದೂರದಲ್ಲಿ ನಿಂತು ಕೂಗಿದರು, ಯಾಜಕರಿಗೆ ಮೈ ತೋರಿಸಿಕೊಳ್ಳುವಂತೆ ಅಪ್ಪಣೆ ಹೊಂದಿ ಹೊರಟರು, ದಾರಿಯಲ್ಲಿಯೇ ಶುದ್ಧರಾದರು, ಒಬ್ಬನು ಮಾತ್ರ ತಿರಿಗಿ ಬಂದನು. ಆಗ ಕರ್ತನು ಉಳಿದ ಒಂಬತ್ತು ಮಂದಿಯನ್ನು ಕುರಿತು ವಿಚಾರಿಸಿದನು.

ಈ ಭಾಗವನ್ನು ಓದಿದಾಗಲೆಲ್ಲಾ ಕೃತಜ್ಞತೆಯನ್ನು ಕುರಿತು ಬೋಧಿಸುವದು ನಮ್ಮ ವಾಡಿಕೆ. ಸುಗ್ಗಿಯ ಆರಾಧನೆಗಳಲ್ಲಿ ನಾನೂ ಹಾಗೆಯೇ ಅನೇಕ ಸಾರಿ ಬೋಧಿಸಿದ್ದೇನೆ, ಅದು ತಪ್ಪಲ್ಲ. ಆದರೆ ಒಂಬತ್ತು ಮಂದಿ ಬರಲಿಲ್ಲವೆಂದು ತಿಳಿಯಬೇಕಾದರೆ ಹತ್ತು ಮಂದಿಯನ್ನು ಮೊದಲು ಎಣಿಸಿರಬೇಕಲ್ಲವೇ? ಊರವರು ದೂರ ನಿಲ್ಲಿಸಿದ್ದ ಆ ಗುಂಪನ್ನು ಕರ್ತನು ಬರೀ ಗುಂಪೆಂದು ನೋಡದೆ ತಲೆತಲೆಯಾಗಿ ಎಣಿಸಿದನು. ಎಣಿಸಿದ್ದರಿಂದಲೇ ಬಾರದವರನ್ನು ಕೇಳಿದನು. ಕುಷ್ಠರೋಗಿಗಳನ್ನು ಎಣಿಸುವ ಈ ಕಾರ್ಯವನ್ನೇ ನಾವು ಈ ದಿವಸ ಯೋಚಿಸುವಾ.

ಎಣಿಕೆಗಳೆಲ್ಲಾ ಒಂದೇ ತರದವುಗಳಲ್ಲ. ದಾವೀದನು ಜನರನ್ನು ಎಣಿಸಿದ ಸಂಗತಿಯು ಎರಡನೇ ಸಮುವೇಲನ ಕೊನೆಯ ಅಧ್ಯಾಯದಲ್ಲಿ ಉಂಟು. ಯೋವಾಬನು ಒಂಬತ್ತು ತಿಂಗಳು ಇಪ್ಪತ್ತು ದಿವಸ ದೇಶವನ್ನೆಲ್ಲಾ ತಿರುಗಿ ಲೆಕ್ಕವನ್ನು ತಂದನು; ಆದರೆ ಅದು ಕತ್ತಿ ಹಿಡಿಯಬಲ್ಲವರ ಲೆಕ್ಕ. ಮುದುಕರೂ ಹೆಂಗಸರೂ ಪಾಳೆಯದ ಹೊರಗಿದ್ದ ರೋಗಿಗಳೂ ಆ ಲೆಕ್ಕಕ್ಕೆ ಸೇರಿದವರಲ್ಲ. ಅರಸನಿಗೆ ಅವರಿಂದ ಏನೂ ಆಗಬೇಕಾಗಿರಲಿಲ್ಲ. ತನ್ನ ಬಲವನ್ನು ತಿಳಿಯುವದಕ್ಕೆ ಎಣಿಸುವವನು ಬಲಹೀನರನ್ನು ಬಿಟ್ಟೇ ಎಣಿಸುತ್ತಾನೆ.

ನಮ್ಮ ದೇಶವನ್ನು ಆಂಗ್ಲರು ಆಳುತ್ತಿದ್ದ ಕಾಲದಲ್ಲಿಯೂ ಒಂದು ದೊಡ್ಡ ಎಣಿಕೆ ನಡೆಯುತ್ತಿತ್ತು. ೧೮೮೧ರಿಂದ ೧೯೩೧ರ ವರೆಗೆ ಹತ್ತು ವರುಷಕ್ಕೊಮ್ಮೆ ನಡೆದ ಖಾನೇಷುಮಾರಿಯಲ್ಲಿ ಬುದ್ಧಿಭ್ರಮಣರು, ಕಿವುಡು ಮೂಕರು, ಕುರುಡರು, ಕುಷ್ಠರು ಎಂದು ನಾಲ್ಕು ತರದವರನ್ನು ಪ್ರತ್ಯೇಕವಾಗಿ ಬರೆಯುವ ಕಟ್ಟಳೆಯಿತ್ತು. ಆ ಸರಕಾರವು ಈ ರೋಗಿಗಳನ್ನು ಎಣಿಸದೆ ಬಿಟ್ಟಿತೆಂದು ನಾವು ಹೇಳಲಾರೆವು. ಎಣಿಸಿತು, ಆದರೆ ಬಾಗಿಲಲ್ಲಿ ನಿಂತು ಎಣಿಸಿತು. ೧೯೨೧ರ ಖಾನೇಷುಮಾರಿಯಲ್ಲಿ ಇಂಡಿಯಾ ದೇಶದ ಕುಷ್ಠರೋಗಿಗಳು ಸುಮಾರು ೧,೦೨,೫೦೦ ಎಂದು ಬರೆಯಲ್ಪಟ್ಟಿತು. ಗಣತಿಗೆ ಬಂದವನು ಓದುಬರಹ ಬಲ್ಲ ಹಳ್ಳಿಯವನೇ ಹೊರತು ವೈದ್ಯನಲ್ಲ. ಕೈಬೆರಳು ಸವೆದವನು, ಮೂಗು ಕುಸಿದವನು, ಹುಣ್ಣು ಸೋರುವವನು, ಇಂಥವರನ್ನು ಅವನು ಗುರುತಿಸಬಲ್ಲನು. ಉಳಿದವರನ್ನು ಕುರಿತು ಮನೆಯ ಯಜಮಾನನು ಹೇಳಿದ್ದೇ ಲೆಕ್ಕ. ಯಾವ ಯಜಮಾನನು ತನ್ನ ಮಗಳಿಗೆ ಈ ರೋಗವುಂಟೆಂದು ನೆರೆಯವನ ಎದುರಿಗೆ ಬರೆಯಿಸುವನು? ಆ ಪಟ್ಟಿಗಳಲ್ಲಿ ರೋಗಿಗಳಾದ ಗಂಡಸರು ಹೆಂಗಸರಿಗಿಂತ ಎರಡರಷ್ಟಕ್ಕೂ ಹೆಚ್ಚಾಗಿದ್ದರು. ಈ ರೋಗವು ಗಂಡಸರಲ್ಲಿ ಸ್ವಲ್ಪ ಹೆಚ್ಚೆಂಬದು ನಿಜವೇ. ಆದರೂ ಅಷ್ಟು ದೊಡ್ಡ ವ್ಯತ್ಯಾಸವು ರೋಗದಿಂದ ಮಾತ್ರ ಆದದ್ದಲ್ಲ, ಮರೆಮಾಚಿದ್ದರಿಂದಲೂ ಆದದ್ದು.

ಇಲ್ಲಿ ಮತ್ತೊಂದು ಮಾತನ್ನು ಹೇಳಬೇಕಾಗಿದೆ. ಬಿಳಿತೊನ್ನನ್ನು ಕುಷ್ಠವೆಂದು ಬರೆಯಬಾರದೆಂದು ಖಾನೇಷುಮಾರಿಯವರಿಗೆ ಅಪ್ಪಣೆಯಿತ್ತು. ಬಿಳಿತೊನ್ನು ಚರ್ಮದ ಬಣ್ಣವು ಹೋಗುವದೇ ಹೊರತು ಕುಷ್ಠವಲ್ಲ. ಅದು ಒಬ್ಬರಿಂದ ಒಬ್ಬರಿಗೆ ಅಂಟುವದೂ ಇಲ್ಲ. ಯಾಜಕಕಾಂಡದ ಹದಿಮೂರನೇ ಅಧ್ಯಾಯವನ್ನು ಓದಿದರೆ ಅಲ್ಲಿಯೂ ಇಂಥ ವಿವೇಚನೆಯನ್ನು ಕಾಣುವಿರಿ. ಮಚ್ಚೆಯುಳ್ಳವನನ್ನು ಯಾಜಕನು ಒಮ್ಮೆ ನೋಡಿ ತೀರ್ಪು ಹೇಳಿಬಿಡಬಾರದು. ಏಳು ದಿವಸ ತಡೆದು ತಿರಿಗಿ ನೋಡಬೇಕು. ಸಂದೇಹವಿದ್ದರೆ ಇನ್ನೂ ಏಳು ದಿವಸ ತಡೆಯಬೇಕು. ಮೈಯೆಲ್ಲಾ ಬೆಳ್ಳಗಾದವನು ಶುದ್ಧನೆಂದೇ ಅಲ್ಲಿ ಹೇಳಿದೆ. ನಾವು ಕುಷ್ಠವೆಂದು ಓದುವ ಆ ಇಬ್ರಿಯ ಮಾತು ಬೇರೆಬೇರೆ ಚರ್ಮವ್ಯಾಧಿಗಳಿಗೆ ಸಲ್ಲುತ್ತಿತ್ತು. ಬಟ್ಟೆಯ ಬೂಷ್ಟಿಗೂ ಗೋಡೆಯ ಕಲೆಗೂ ಅದೇ ಮಾತನ್ನು ಹೇಳಿರುವದನ್ನು ನೋಡಿರಿ. ಆದಕಾರಣ ಮೋಶೆಯ ಧರ್ಮಶಾಸ್ತ್ರವನ್ನು ಮುಂದಿಟ್ಟುಕೊಂಡು ಈ ಕಾಲದ ಕುಷ್ಠರೋಗಿಯನ್ನು ಊರ ಹೊರಗೆ ಹಾಕುವವರು ಆ ಶಾಸ್ತ್ರವನ್ನೂ ಸರಿಯಾಗಿ ಓದಿದವರಲ್ಲ. ಏಳು ದಿವಸ ತಾಳಿರಿ ಎಂಬದನ್ನು ಮರೆತು, ಹೊರಗೆ ಹಾಕಿರಿ ಎಂಬದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಂಡವರು.

ಬಂಗಾಳದ ಪಶ್ಚಿಮ ಭಾಗದಲ್ಲಿ ಬಾಂಕುರಾ ಎಂಬ ಜಿಲ್ಲೆ ಉಂಟು. ಕೆಂಪು ಮುರಕಲ್ಲಿನ ನೆಲ, ಸಾಲವೃಕ್ಷಗಳ ಕಾಡು, ಮಳೆ ತಪ್ಪಿದ ವರುಷ ಬರಗಾಲ. ಅಲ್ಲಿಯ ಬಡವರು ಕೂಲಿಗಾಗಿ ಕಲ್ಲಿದ್ದಲಿನ ಗಣಿಗಳಿಗೆ ಹೋಗಿ ಬರುತ್ತಿದ್ದರು. ಅದಕ್ಕೆ ಹೊಂದಿ ಪಶ್ಚಿಮಕ್ಕೆ ಆ ಕಾಲದಲ್ಲಿ ಮಾನಭೂಮ ಜಿಲ್ಲೆಯಿತ್ತು. ಅದರ ಮುಖ್ಯ ಪಟ್ಟಣವಾದ ಪುರುಲಿಯಾದಲ್ಲಿ ಜರ್ಮನಿಯ ಗೋಸ್ನರ್ ಮಿಷನ್ನಿನ ಉಫ್ಮನ್ ಅಯ್ಯನವರು ೧೮೮೮ರಲ್ಲಿ ಒಂದು ಕುಷ್ಠಾಶ್ರಮವನ್ನು ಆರಂಭಿಸಿದರು. ಈ ಪ್ರಾಂತವು ಖಾನೇಷುಮಾರಿಯ ಪಟ್ಟಿಗಳಲ್ಲಿ ಪುನಃಪುನಃ ಮೊದಲ ಸಾಲಿನಲ್ಲಿ ಕಾಣುತ್ತಿತ್ತು. ಆಶ್ರಮಕ್ಕೆ ಬಂದವರನ್ನು ಮಿಷನಿನವರು ಪ್ರೀತಿಯಿಂದ ನೋಡಿಕೊಂಡರು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಬಂದವರು ಯಾರು? ಊರವರು ಓಡಿಸಿದವರು, ಕೈಕಾಲು ಹೋದವರು, ಮರೆಮಾಚುವದಕ್ಕೆ ಇನ್ನೇನೂ ಉಳಿಯದವರು. ೧೮೯೮ರ ಕುಷ್ಠರೋಗಿಗಳ ಕಾನೂನು ಕೂಡ ಹುಣ್ಣು ಬಿದ್ದವನನ್ನು ಮಾತ್ರವೇ ಕುಷ್ಠರೋಗಿಯೆಂದು ಎಣಿಸಿ, ಅವನು ದಿಕ್ಕಿಲ್ಲದ ಬಡವನಾಗಿದ್ದರೆ ಹಿಡಿದು ಆಶ್ರಮದಲ್ಲಿ ಇಡಬಹುದೆಂದು ಹೇಳಿತು. ಅಂಥ ಕಾನೂನು ಇರುವಾಗ ಮೈಯಲ್ಲಿ ಚಿಕ್ಕ ಮಚ್ಚೆಯುಳ್ಳವನು ಅಂಗಿಯನ್ನು ಇನ್ನೂ ಕೆಳಗೆ ಎಳೆದುಕೊಳ್ಳದೆ ಏನು ಮಾಡುವನು? ಈ ಕಾನೂನು ೨೦೧೬ರ ವರೆಗೂ ನಮ್ಮ ದೇಶದ ಪುಸ್ತಕದಲ್ಲಿ ಉಳಿದಿತ್ತೆಂಬದನ್ನು ನೆನಸಿದರೆ ನಾಚಿಕೆಯಾಗುತ್ತದೆ.

ಈ ರೋಗವು ಒಂದು ಸೂಕ್ಷ್ಮಜೀವಿಯಿಂದ ಉಂಟಾಗುವದೆಂದು ನಾರ್ವೆ ದೇಶದ ಹಾನ್ಸೆನ್ ಎಂಬ ವೈದ್ಯನು ೧೮೭೩ರಲ್ಲಿಯೇ ಕಂಡುಹಿಡಿದಿದ್ದನು. ಅದು ಪಿತೃಗಳ ಪಾಪವೂ ಅಲ್ಲ, ರಕ್ತದಿಂದ ಬರುವ ಶಾಪವೂ ಅಲ್ಲ. ಆದರೂ ಹಳ್ಳಿಗಳಲ್ಲಿ ರೋಗವು ಎಷ್ಟು ಉಂಟೆಂದು ವೈದ್ಯರ ಕಣ್ಣಿನಿಂದ ನೋಡುವ ದೊಡ್ಡ ಪ್ರಯತ್ನವು ಈ ದೇಶದಲ್ಲಿ ಐವತ್ತು ವರುಷಗಳಾದ ಮೇಲೆಯೇ ಆರಂಭವಾಯಿತು. ಕುಷ್ಠ ಪರಿಹಾರ ಸಂಘವೊಂದು ೧೯೨೪ರಲ್ಲಿ ಲಂಡನ್ನಿನಲ್ಲಿ ಏರ್ಪಟ್ಟು, ಮರುವರುಷ ಅದರ ಇಂಡಿಯಾ ಶಾಖೆ ಹುಟ್ಟಿತು. ಬಂಗಾಳದ ಕಾಲ್ನಾದಲ್ಲಿ ಮಿಷನ್ ವೈದ್ಯರಾಗಿದ್ದು ಆಮೇಲೆ ಕಲ್ಕತ್ತೆಯ ಉಷ್ಣವಲಯ ರೋಗಗಳ ವಿದ್ಯಾಲಯಕ್ಕೆ ಬಂದ ಡಾಕ್ಟರ್ ಅರ್ನೆಸ್ಟ್ ಮ್ಯೂರ್ ಎಂಬವರು ಅದಕ್ಕೆ ಕ್ರಮವನ್ನು ಹಾಕಿಕೊಟ್ಟರು. ಒರಿಸ್ಸಾ ಸೀಮೆಯ ಸಂಬಲಪುರದವರಾದ ಡಾಕ್ಟರ್ ಐಸಾಕ್ ಸಾಂತ್ರಾ ಎಂಬ ನಮ್ಮ ದೇಶದ ಕ್ರೈಸ್ತ ವೈದ್ಯರು ೧೯೨೭ರಿಂದ ಆ ಸಮೀಕ್ಷೆಯ ತಂಡವನ್ನು ನಡಿಸಿಕೊಂಡು ಪ್ರಾಂತದಿಂದ ಪ್ರಾಂತಕ್ಕೆ ಸಂಚರಿಸಿದರು.

ಅವರು ಹಿಡಿದ ಕ್ರಮವನ್ನು ಸ್ವಲ್ಪ ಗಮನಿಸಿರಿ. ಯಾಕಂದರೆ ನಮ್ಮ ಸಭೆಗಳಿಗೆ ಅದರಲ್ಲಿ ಬುದ್ಧಿಯುಂಟು. ಲೆಕ್ಕದ ಪುಸ್ತಕವನ್ನು ಹಿಡಿದು ಅವರು ನೇರವಾಗಿ ಮನೆಗಳಿಗೆ ನುಗ್ಗಲಿಲ್ಲ. ಮೊದಲು ಒಂದು ಊರಲ್ಲಿ ಚಿಕಿತ್ಸೆಯನ್ನು ಆರಂಭಿಸಿದರು. ಚಿಕಿತ್ಸೆಯಿಂದ ಒಬ್ಬಿಬ್ಬರಿಗೆ ಗುಣ ಕಂಡಾಗ ಜನರು ಕೂಡಿ ಬಂದರು; ಕೂಡಿದವರಿಗೆ ರೋಗದ ವಿಷಯವನ್ನು ತಿಳಿಯಹೇಳಿದರು; ತಿಳಿದಾಗ ಭಯ ಇಳಿಯಿತು; ಭಯ ಇಳಿದ ಮೇಲೆ ಮನೆಮನೆಗೆ ಹೋಗಿ ಒಬ್ಬೊಬ್ಬರ ಮೈಯನ್ನು ನೋಡಿದರು. ಮೊದಲು ಔಷಧ, ಆಮೇಲೆ ಬೋಧನೆ, ಕೊನೆಗೆ ಎಣಿಕೆ. ಔಷಧವೆಂದರೆ ಆಗ ಚಾಲ್‌ಮೊಗ್ರ ಜಾತಿಯ ಬೀಜಗಳ ಎಣ್ಣೆ. ಅದರ ಒಂದು ಮರವು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುತ್ತದೆ, ನಮ್ಮವರು ಅದನ್ನು ಗರುಡಫಲವೆಂದು ಕರೆಯುತ್ತಾರೆ. ಆ ಎಣ್ಣೆಯನ್ನು ಸೂಜಿಯಿಂದ ಮೈಗೆ ಸೇರಿಸುವದು ಬಹು ನೋವಿನ ಕೆಲಸ, ಗುಣವೂ ನಿಶ್ಚಯವಲ್ಲ. ಆದರೂ ಏನಾದರೂ ಕೊಡದೆ ಕೇಳಬಾರದೆಂದು ಆ ವೈದ್ಯರು ತಿಳಿದಿದ್ದರು.

ಪರೀಕ್ಷೆಯ ವಿಧವೂ ಸರಳವಾದದ್ದು. ರೋಗಿಯನ್ನು ಬೆಳಕಿಗೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಹಕ್ಕಿಯ ಗರಿಯನ್ನೋ ಹತ್ತಿಯ ಎಳೆಯನ್ನೋ ಮಚ್ಚೆಯ ಮೇಲೆ ಮುಟ್ಟಿಸಿ, ಎಲ್ಲಿ ಮುಟ್ಟಿತೆಂದು ಬೆರಳಿನಿಂದ ತೋರಿಸಲು ಹೇಳುವರು. ತೋರಿಸಲಾರದೆ ಹೋದರೆ ಅಲ್ಲಿ ಸ್ಪರ್ಶಜ್ಞಾನವಿಲ್ಲ. ಆಮೇಲೆ ಮೊಣಕೈಯ ಹಿಂದೆ ಕೈಯಿಟ್ಟು ನರವು ದಪ್ಪವಾಗಿದೆಯೋ ಎಂದು ಒತ್ತಿ ನೋಡುವರು. ಪ್ರಿಯರೇ, ಇದನ್ನು ದೂರದಲ್ಲಿ ನಿಂತು ಮಾಡುವದಕ್ಕಾಗುವದಿಲ್ಲ. ಮಾರ್ಕನ ಮೊದಲನೇ ಅಧ್ಯಾಯದಲ್ಲಿ ಮೊಣಕಾಲೂರಿದ ಕುಷ್ಠರೋಗಿಯನ್ನು ಕಂಡು ಕರ್ತನು ಕನಿಕರಪಟ್ಟು ಕೈಚಾಚಿ ಅವನನ್ನು ಮುಟ್ಟಿದನೆಂದು ಓದುತ್ತೇವೆ. ಬರೀ ಮಾತಿನಿಂದ ಗುಣಮಾಡುವ ಶಕ್ತಿಯುಳ್ಳವನು ಮುಟ್ಟಿದ್ದು ಯಾಕೆಂದು ನಾನು ಬಹುಕಾಲ ಯೋಚಿಸಿದ್ದುಂಟು. ವರುಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟವನ ಮೊಣಕೈಯನ್ನು ಒಬ್ಬ ವೈದ್ಯನು ಬರಿಗೈಯಿಂದ ಹಿಡಿಯುವದನ್ನು ಕಂಡ ದಿವಸ ಅದು ನನಗೆ ಸ್ವಲ್ಪ ತಿಳಿಯಿತು.

ಹೀಗೆ ನೋಡಿದಾಗ ಕಂಡದ್ದೇನು? ಖಾನೇಷುಮಾರಿಯು ಒಂದು ಲಕ್ಷವೆಂದು ಹೇಳಿದ್ದಲ್ಲಿ ಐದು ಲಕ್ಷದಿಂದ ಹತ್ತು ಲಕ್ಷದ ವರೆಗೆ ರೋಗಿಗಳಿರಬೇಕೆಂದು ಮ್ಯೂರ್ ಅವರು ಲೆಕ್ಕಹಾಕಿದರು. ಅಂದರೆ ಒಬ್ಬನನ್ನು ಬರೆದ ಕಡೆ ನಾಲ್ಕರಿಂದ ಒಂಬತ್ತು ಮಂದಿಯನ್ನು ಬಿಟ್ಟಿದ್ದರು. ಒಂಬತ್ತು ಮಂದಿ ಎಲ್ಲಿ ಎಂಬ ಪ್ರಶ್ನೆಯನ್ನು ನಾನು ಇಲ್ಲಿಗೆ ಬಲವಂತವಾಗಿ ಎಳೆದು ತರುವದಿಲ್ಲ. ಅದು ತಾನಾಗಿಯೇ ಬಂದು ನಿಲ್ಲುತ್ತದೆ. ಆ ಬಿಟ್ಟುಹೋದವರು ಒಳಮನೆಯಲ್ಲಿದ್ದರು, ಹೊಲದಲ್ಲಿದ್ದರು, ಮಗ್ಗದ ಮುಂದೆ ಇದ್ದರು, ಅನೇಕರು ಮಕ್ಕಳಾಗಿದ್ದರು.

ಮತ್ತೊಂದು ಸತ್ಯವೂ ಅಂಥ ಪರೀಕ್ಷೆಗಳಿಂದ ದಿನೇ ದಿನೇ ಸ್ಪಷ್ಟವಾಯಿತು. ಕೈಬೆರಳು ಮುರುಟಿ, ಕಾಲು ಸವೆದು, ಊರವರೆಲ್ಲರೂ ಕಂಡು ಓಡುವಂಥವನಲ್ಲಿ ಅನೇಕವೇಳೆ ರೋಗವು ಆರಿಹೋಗಿರುತ್ತದೆ. ಅವನಿಂದ ಯಾರಿಗೂ ಅಪಾಯವಿಲ್ಲ. ರೋಗವನ್ನು ಹರಡುವವನ ಕೈಕಾಲುಗಳು ನೆಟ್ಟಗಿರಬಹುದು, ಮುಖದ ಚರ್ಮ ಸ್ವಲ್ಪ ದಪ್ಪವಾಗಿ ಎಣ್ಣೆ ಹಚ್ಚಿದಂತೆ ಮಿನುಗಬಹುದು, ಕಿವಿಯ ಹಾಲೆ ಊದಿರಬಹುದು, ಅಷ್ಟೇ. ಊರವರು ಅವನ ಸಂಗಡ ಕೂತು ಉಣ್ಣುತ್ತಾರೆ, ಮುರುಟಿದ ಕೈಯವನನ್ನು ಕಲ್ಲು ತೋರಿಸಿ ಅಟ್ಟುತ್ತಾರೆ. ಹೊರಗಣ ತೋರಿಕೆಯನ್ನು ನೋಡಿ ತೀರ್ಪು ಮಾಡಬಾರದೆಂದು ಕರ್ತನು ಹೇಳಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು.

ಆ ಕಾಲವು ಕಳೆದುಹೋಯಿತು, ಈಗ ಇದೆಲ್ಲಾ ಯಾಕೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಔಷಧದ ವಿಷಯದಲ್ಲಿ ಕಾಲವು ಕಳೆದದ್ದು ನಿಜ. ೧೯೪೦ರ ದಶಕದಲ್ಲಿ ಸಲ್ಫೋನ್ ಜಾತಿಯ ಔಷಧಗಳು ಬಂದವು. ೧೯೮೧ರಲ್ಲಿ ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿತು. ಈಗ ರೋಗಿಯು ಆರು ತಿಂಗಳೋ ಹನ್ನೆರಡು ತಿಂಗಳೋ ಮನೆಯಲ್ಲಿದ್ದುಕೊಂಡೇ ಮಾತ್ರೆಗಳನ್ನು ನುಂಗಿ ಗುಣಹೊಂದುತ್ತಾನೆ. ಔಷಧಕ್ಕೆ ಕ್ರಯವಿಲ್ಲ, ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ಅವನಿಂದ ಇತರರಿಗೆ ಅಂಟುವದೂ ನಿಲ್ಲುತ್ತದೆ. ೨೦೦೫ರ ಕೊನೆಗೆ ಹತ್ತು ಸಾವಿರ ಜನರಿಗೆ ಒಬ್ಬನಿಗಿಂತ ಕಡಿಮೆ ರೋಗಿಗಳಿದ್ದಾರೆಂದು ನಮ್ಮ ದೇಶವು ಸಂತೋಷಪಟ್ಟಿತು. ಆದರೆ ಆ ಸಂತೋಷದಲ್ಲಿ ಮನೆಮನೆಗೆ ಹೋಗಿ ಹುಡುಕುವ ಕೆಲಸವು ಸಡಿಲವಾಯಿತು. ೨೦೧೬ರಲ್ಲಿ ತಿರಿಗಿ ಹುಡುಕಲು ಹೊರಟಾಗ ಅಡಗಿದ್ದವರು ಸಾವಿರಾರು ಮಂದಿ ಸಿಕ್ಕಿದರು. ಈಗಲೂ ಲೋಕದಲ್ಲಿ ಹೊಸದಾಗಿ ಕಾಣುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. ವರುಷಕ್ಕೆ ಸುಮಾರು ಒಂದು ಲಕ್ಷ. ಔಷಧ ಹೊಸದಾಯಿತು, ಬಾಗಿಲು ಹಳೆಯದೇ ಉಳಿಯಿತು.

ಇಲ್ಲಿ ನನ್ನ ಸ್ವಂತ ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಊರ ಹೆಸರನ್ನು ಬರೆಯುವದಿಲ್ಲ.

ನಾನು ಸೇವೆಮಾಡುತ್ತಿದ್ದ ಒಂದು ಸಭೆಯ ಹಿರಿಯರ ಮನೆಯಲ್ಲಿ ಅವರ ವೃದ್ಧ ತಾಯಿ ಇದ್ದರು. ಆಕೆಯ ಅಂಗಾಲಿನಲ್ಲಿ ಒಣಗದ ಹುಣ್ಣು. ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವಾಗ ಬೆರಳು ಸುಟ್ಟರೂ ಆಕೆಗೆ ತಿಳಿಯುತ್ತಿರಲಿಲ್ಲ. ವೃದ್ಧಾಪ್ಯವೆಂದು ಮನೆಯವರು ಹೇಳುತ್ತಿದ್ದರು. ನನಗೆ ಸಂದೇಹವಿತ್ತು, ಮನೆಯವರಿಗೂ ಇತ್ತು, ಯಾರೂ ಬಾಯಿಬಿಡಲಿಲ್ಲ. ಆಕೆಯು ಆರಾಧನೆಗೆ ಬರುವದನ್ನು ಬಿಟ್ಟು ಎರಡು ವರುಷವಾಗಿತ್ತು. ನಾನು ತಿಂಗಳಿಗೊಮ್ಮೆ ಹಿಂದಣ ಕೋಣೆಗೆ ಹೋಗಿ ಆಕೆಗೆ ಕರ್ತನ ಭೋಜನವನ್ನು ಕೊಟ್ಟು ಬರುತ್ತಿದ್ದೆನು. ಇದನ್ನು ನನ್ನ ಕರುಣೆಯೆಂದು ಎಣಿಸಿ ಮನಸ್ಸಿನಲ್ಲಿ ಸ್ವಲ್ಪ ಹಿಗ್ಗುತ್ತಲೂ ಇದ್ದೆನು. ಹಿರಿಯರ ಮೊದಲನೇ ಮಗಳಿಗೆ ಮದುವೆ ಗೊತ್ತಾಗಿ ಮುಂದಿನ ಭಾನುವಾರ ಮೊದಲನೇ ಪ್ರಕಟಣೆಯನ್ನು ಓದತಕ್ಕದ್ದಿತ್ತು. ಆ ಹುಡುಗಿಯೂ ಅವಳ ತಮ್ಮನೂ ಅಜ್ಜಿಯ ಮಗ್ಗುಲಲ್ಲಿಯೇ ಮಲಗುತ್ತಿದ್ದರು.

ಒಂದು ಸಾಯಂಕಾಲ ನಾನು ಆ ಮನೆಯ ಜಗಲಿಯಲ್ಲಿ ಕೂತಿರುವಾಗ ಆಶಾ ಕಾರ್ಯಕರ್ತೆಯು ಒಬ್ಬ ಗಂಡಾಳಿನ ಸಂಗಡ ಕುಷ್ಠರೋಗದ ಸಮೀಕ್ಷೆಗೆ ಬಂದಳು. ಬಿಸಿಲಲ್ಲಿ ನಡೆದು ಬಂದ ಆಕೆಯ ಕೈಯಲ್ಲಿ ಪಟ್ಟಿಯಿತ್ತು. "ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಅಣ್ಣಾ?" ಎಂದು ಕೇಳಿದಳು. ಹಿರಿಯರು ನನ್ನ ಮುಖವನ್ನು ನೋಡಿದರು. ಆಮೇಲೆ, "ಆರು ಮಂದಿ ತಾಯಿ, ಯಾರಿಗೂ ಏನೂ ಇಲ್ಲ" ಎಂದರು. ನಾನು ನೆಲವನ್ನು ನೋಡುತ್ತಾ ಕೂತೆನು. ಆಕೆಯು ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಹೆಂಡತಿಯು ರೋಗಿಯೆಂದು ಗಂಡನು ಬಿಡಬಹುದೆಂಬ ಕಾನೂನನ್ನು ೨೦೧೯ರಲ್ಲಿ ತೆಗೆದುಹಾಕಿದ್ದಾರೆ. ಆದರೆ ಹೆಣ್ಣು ನೋಡುವವರ ಬಾಯಿಯನ್ನು ಯಾವ ಕಾನೂನು ಕಟ್ಟುತ್ತದೆ? ಆ ತಂದೆಯ ಭಯವನ್ನು ನಾನು ಹೀಗಳೆಯಲಾರೆನು. ನನ್ನ ಮೌನಕ್ಕೆ ಮಾತ್ರ ಅಂಥ ನೆಪವಿಲ್ಲ. ನನಗೆ ಮದುವೆ ಮಾಡಬೇಕಾದ ಮಗಳಿರಲಿಲ್ಲ.

ಆಗ ಒಳಗಿನಿಂದ ಆ ವೃದ್ಧೆಯು ನನ್ನನ್ನು ಕರೆದಳು. ಹೋದೆನು. ಆಕೆಯು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. "ಅಯ್ಯನವರೇ, ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೋ?" ಎಂದು ಕೇಳಿದಳು, ಅಷ್ಟೇ. ಆ ಕೋಣೆಯಲ್ಲಿ ಎರಡು ವರುಷದಿಂದ ಕರ್ತನ ರೊಟ್ಟಿಯನ್ನು ಮುರಿದವನು ನಾನು. ಆ ಕರ್ತನು ದೂರ ನಿಂತ ಹತ್ತು ಮಂದಿಯನ್ನು ಎಣಿಸಿದವನು. ನಾನೋ ಗೋಡೆಯಾಚೆ ಇದ್ದ ಒಬ್ಬಳನ್ನು ಎಣಿಸದೆ ಬಿಟ್ಟವನು.

ಆ ರಾತ್ರಿ ಹಿರಿಯರೂ ನಾನೂ ಬಹಳ ಹೊತ್ತು ಕೂತು ಮಾತಾಡಿದೆವು. ಪ್ರಾರ್ಥನೆ ಮಾಡಿದೆವೆಂದು ಬರೆದರೆ ಚೆನ್ನಾಗಿ ಕಂಡೀತು. ಆದರೆ ಮೊದಲು ಜಗಳವೇ ಆಯಿತು. ಅವರು ಮಗಳ ಹೆಸರನ್ನು ಎತ್ತಿದಾಗಲೆಲ್ಲಾ ನಾನು ಮೊಮ್ಮಕ್ಕಳು ಮಲಗುವ ಚಾಪೆಯ ಮಾತನ್ನು ಎತ್ತಿದೆನು. ಈ ರೋಗವು ಮೈಗೆ ಸೇರಿ ಹೊರಗೆ ಕಾಣುವದಕ್ಕೆ ಸಾಧಾರಣವಾಗಿ ಸುಮಾರು ಐದು ವರುಷ ಹಿಡಿಯುತ್ತದೆ, ಕೆಲವರಲ್ಲಿ ಇಪ್ಪತ್ತು ವರುಷವೂ ಆಗಬಹುದು. ಬಹುಮಂದಿಗೆ ಅದು ಹತ್ತುವದೇ ಇಲ್ಲ. ಆದರೆ ಯಾರಿಗೆ ಹತ್ತುವದೆಂದು ಯಾರು ಬಲ್ಲರು? ಕೊನೆಗೆ ಅವರು ತಾವಾಗಿಯೇ ಎದ್ದು ಒಳಗೆ ಹೋಗಿ ತಾಯಿಯ ಹತ್ತಿರ ಕೂತರು. ನಾಮಾನನು ಅರಾಮ್ ದೇಶದ ದೊಡ್ಡ ಸೇನಾಪತಿಯಾಗಿದ್ದರೂ ಅವನಿಗೆ ಗುಣದ ದಾರಿಯನ್ನು ತಿಳಿಸಿದ್ದು ಸೆರೆಯಾಗಿ ಬಂದ ಒಂದು ಚಿಕ್ಕ ಹುಡುಗಿ. ಬಾಯಿಬಿಟ್ಟು ಹೇಳಿದ್ದೇ ಅವಳ ಸೇವೆ.

ಮರುದಿವಸ ಬೆಳಿಗ್ಗೆ ನಾವಿಬ್ಬರೂ ಆ ಕಾರ್ಯಕರ್ತೆಯ ಮನೆಗೆ ಹೋದೆವು. ಆಕೆಯು ನಮ್ಮನ್ನು ಗದರಿಸಲಿಲ್ಲ. ಇಂಥವರು ನೀವೇ ಮೊದಲಿನವರಲ್ಲವೆಂದು ಹೇಳಿ ಕಾಫಿ ಕೊಟ್ಟಳು. ಆರೋಗ್ಯಕೇಂದ್ರದ ವೈದ್ಯರು ವೃದ್ಧೆಯನ್ನು ನೋಡಿ ಹನ್ನೆರಡು ತಿಂಗಳ ಔಷಧವನ್ನು ಗೊತ್ತುಮಾಡಿದರು. ಕಾಲನ್ನು ನೀರಿನಲ್ಲಿ ನೆನಸಿ, ಎಣ್ಣೆ ಸವರಿ, ಮೆತ್ತಗಿನ ಜೋಡು ಮೆಟ್ಟುವ ಕ್ರಮವನ್ನು ಕಲಿಸಿದರು. ಮನೆಯವರೆಲ್ಲರನ್ನೂ ಪರೀಕ್ಷಿಸಿದಾಗ ಆ ಹುಡುಗನ ಬೆನ್ನಿನ ಮೇಲೆ ಎರಡಾಣೆಯಷ್ಟು ಅಗಲದ ಒಂದು ಮಾಸಿದ ಮಚ್ಚೆ ಕಂಡಿತು. ಗರಿ ಮುಟ್ಟಿಸಿದರೆ ಅವನಿಗೆ ತಿಳಿಯಲಿಲ್ಲ. ಅಂಗಿ ತೆಗೆದು ಯಾರೂ ನೋಡದಿದ್ದರೆ ಅದು ಇನ್ನೆಷ್ಟು ವರುಷ ಅಲ್ಲಿ ಇರುತ್ತಿತ್ತೋ! ಅವನಿಗೂ ಔಷಧ ಸಿಕ್ಕಿತು. ಮಿಕ್ಕವರಿಗೆ ರೋಗ ಹತ್ತದಂತೆ ಒಂದೇ ಸಾರಿ ನುಂಗತಕ್ಕ ಮಾತ್ರೆಯನ್ನು ಕೊಟ್ಟರು. ಮದುವೆಯ ಮಾತು ಮುಂದೆ ಏನಾಯಿತೆಂಬದನ್ನು ಬರೆಯಲು ಆ ಮನೆಯವರ ಅಪ್ಪಣೆ ನನಗಿಲ್ಲ.

ಪ್ರಿಯರೇ, ನಿಮ್ಮ ಊರಿಗೂ ಇಂಥ ಪಟ್ಟಿಯನ್ನು ಹಿಡಿದು ಯಾರಾದರೂ ಬರುವರು. ನಿಮ್ಮ ಮಕ್ಕಳ ಬೆನ್ನನ್ನೂ ತೋಳುಗಳನ್ನೂ ಹಗಲ ಬೆಳಕಿನಲ್ಲಿ ನೀವೇ ಮೊದಲು ನೋಡಿರಿ. ನವೆಯಿಲ್ಲದೆ, ಬೆವರದೆ, ಮುಟ್ಟಿದರೆ ತಿಳಿಯದೆ ಇರುವ ಮಾಸಿದ ಅಥವಾ ಕೆಂಪಾದ ಮಚ್ಚೆಯಿದ್ದರೆ, ಕೈಕಾಲುಗಳು ಜೋಮು ಹಿಡಿದಂತಿದ್ದರೆ ತಡಮಾಡಬೇಡಿರಿ. ಸಭೆಯ ಹಿರಿಯರೇ, ಆರಾಧನೆಗೆ ಬಾರದೆ ನಿಂತವರ ಹೆಸರುಗಳನ್ನು ಒಮ್ಮೆ ಬರೆದು ನೋಡಿರಿ.

ಆ ಮನೆಯ ವೃದ್ಧೆಯು ಔಷಧ ಆರಂಭಿಸಿದ ಎರಡನೇ ತಿಂಗಳಲ್ಲಿ ಆರಾಧನೆಗೆ ಬಂದು ಹೆಂಗಸರ ಸಾಲಿನಲ್ಲಿ ಕೂತಳು. ಕೆಲವರು ಸರಿದು ಕೂತರು, ಕೆಲವರು ಸರಿಯಲಿಲ್ಲ. ಕಾರ್ಯಕರ್ತೆಯು ಅದಕ್ಕೆ ಮುಂಚೆಯೇ ತನ್ನ ಪಟ್ಟಿಯನ್ನು ನಮ್ಮೆದುರಿಗೆ ಬಿಚ್ಚಿ, ಆ ಮನೆಯ ಸಾಲಿನಲ್ಲಿ ಆರು ಎಂದಿದ್ದದ್ದನ್ನು ಹೊಡೆದು ಏಳು ಎಂದು ಬರೆದುಕೊಂಡಿದ್ದಳು.